ಟೊಮೆಟೊ ಬೆಳೆಗೆ ನೀರು: ಪ್ರಮಾಣದಷ್ಟೇ ಅಂತರವೂ ಮುಖ್ಯ

ಹೊಸೂರು, ಡೆಂಕಣಿಕೋಟೆ, ರಾಯಕೋಟೆ ಭಾಗದಲ್ಲಿ ಟೊಮೆಟೊ ಅನೇಕ ಕುಟುಂಬಗಳ ಜೀವನಾಧಾರ. ಬಿರಿದ ಹಣ್ಣು, ತುದಿ ಕಪ್ಪಾದ ಕಾಯಿ ಮಂಡಿಯಲ್ಲಿ ಬೆಲೆ ಕಳೆದುಕೊಳ್ಳುತ್ತವೆ. ಮಕ್ಕಳ ಓದಿನ ಖರ್ಚಿಗೂ ಆ ಪೆಟ್ಟು ತಟ್ಟುತ್ತದೆ. ಇವನ್ನು ರೋಗವೆಂದು ಭಾವಿಸಿ ಔಷಧಿ ಸಿಂಪಡಿಸುವವರುಂಟು. ವಾಸ್ತವದಲ್ಲಿ ಇವೆರಡೂ ಬಹುಮಟ್ಟಿಗೆ ಮಣ್ಣಿನ ತೇವದಲ್ಲಾಗುವ ಏರುಪೇರಿನ ಫಲ.

ಟೊಮೆಟೊ ಹಣ್ಣಿನ ತೂಕದಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ನೀರು. ಬೇರು ಹೀರಿದ ನೀರಿನೊಡನೆಯೇ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಗಿಡದೊಳಗೆ ಸಾಗುತ್ತದೆ. ಮಣ್ಣು ಒಣಗಿದಾಗ ಈ ಸಾಗಣೆ ಕುಂಠಿತವಾಗಿ, ಬಂದುದರಲ್ಲಿ ಹೆಚ್ಚಿನ ಪಾಲನ್ನು ಎಲೆಗಳೇ ಸೆಳೆದುಕೊಳ್ಳುತ್ತವೆ. ತೊಟ್ಟಿನಿಂದ ದೂರವಿರುವ ಕಾಯಿಯ ತುದಿಗೆ ಸುಣ್ಣ ಸಾಲದೆ ಅಲ್ಲಿನ ಜೀವಕೋಶಗಳು ಕುಸಿದು ಕಪ್ಪಾಗುತ್ತವೆ. ಮಣ್ಣಿನಲ್ಲಿ ಸಾಕಷ್ಟು ಸುಣ್ಣವಿದ್ದರೂ ಹೀಗಾಗಬಹುದು. ಹಲವು ದಿನ ಒಣಗಲು ಬಿಟ್ಟು ಒಮ್ಮೆಲೇ ಹೆಚ್ಚು ನೀರು ಹಾಯಿಸಿದರೆ ಹಣ್ಣಿನ ತಿರುಳು ಉಬ್ಬುತ್ತದೆ. ಸಿಪ್ಪೆ ಅಷ್ಟು ಹಿಗ್ಗಲಾರದೆ ಬಿರಿಯುತ್ತದೆ.

ಹಾಗೆಂದು ಹೊಲದಲ್ಲಿ ನಿತ್ಯ ಮೇಲ್ಮಣ್ಣನ್ನಷ್ಟೇ ನೆನೆಸುವುದೂ ತರವಲ್ಲ. ಬೇರು ಆಳಕ್ಕಿಳಿಯದೆ, ಒಂದು ದಿನ ನೀರು ತಪ್ಪಿದರೂ ಗಿಡ ಬಾಡುತ್ತದೆ. ನೀರು ನಿಂತರೆ ಬೇರಿಗೆ ಗಾಳಿ ದೊರೆಯದೆ ಎಲೆ ಹಳದಿಯಾಗುತ್ತದೆ. ನಾಟಿಯಾದ ಮೊದಲ ವಾರ ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ನೀರು ಕೊಡಬೇಕು. ಬಳಿಕ ಅಂತರ ಹೆಚ್ಚಿಸಿ ಆಳಕ್ಕಿಳಿಯುವಂತೆ ಹಾಯಿಸಬೇಕು. ಹೂ ಬಿಟ್ಟು ಕಾಯಿ ಕಟ್ಟುವ ಕಾಲದಲ್ಲಿ ತೇವ ಒಂದೇ ಸಮನಾಗಿರಬೇಕು; ಆಗ ಒಣಗಿದರೆ ಹೂ ಉದುರುತ್ತದೆ. ಹಣ್ಣಾಗುವಾಗ ತುಸು ಕಡಿಮೆ ಮಾಡಿದರೆ ಸಿಹಿ ಹೆಚ್ಚುತ್ತದೆ, ಗಾತ್ರ ತಗ್ಗುತ್ತದೆ.

ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಮಣ್ಣು ನಿರ್ಧರಿಸುತ್ತದೆ. ಹೊಸೂರಿನ ಕೆಂಪು ಮಣ್ಣು ಬೇಗ ಆರುತ್ತದೆ. ಸೊಲ್ಲಾಪುರ, ಜತ್ತ ಸೀಮೆಯ ಕಪ್ಪು ಮಣ್ಣು ತೇವವನ್ನು ಹೆಚ್ಚು ದಿನ ಹಿಡಿದಿಡುತ್ತದೆ. ಕೆಂಪು ಮಣ್ಣಿನಲ್ಲಿ ಬುಡದಿಂದ ಗೇಣು ದೂರದಲ್ಲಿ ನಾಲ್ಕು ಬೆರಳು ಆಳಕ್ಕೆ ಅಗೆದು ಹಿಡಿ ಮಣ್ಣನ್ನು ಅದುಮಿ ನೋಡಿರಿ. ಉಂಡೆಯಾಗದೆ ಉದುರಿದರೆ ನೀರು ಬೇಕೆಂದರ್ಥ.

ಪಾಲಕರು ಮಕ್ಕಳಿಂದ ಒಂದು ಪ್ರಯೋಗ ಮಾಡಿಸಬಹುದು. ಎರಡು ದೊಡ್ಡ ಕುಂಡಗಳಲ್ಲಿ ಒಂದೇ ಬಗೆಯ ಮಣ್ಣು, ಒಂದೇ ತಳಿಯ ಸಸಿ ಇರಲಿ. ಕುಂಡದ ಮಣ್ಣು ಬೇಗ ಆರುವುದರಿಂದ, ಕಾಯಿ ಕಟ್ಟಿದ ಮೇಲೆ ಒಂದಕ್ಕೆ ದಿನಕ್ಕೆ 1 ಲೀಟರ್, ಇನ್ನೊಂದಕ್ಕೆ ವಾರಕ್ಕೊಮ್ಮೆ 7 ಲೀಟರ್ ನೀರು ಹಾಕಿಸಿರಿ. ಒಟ್ಟು ನೀರು ಸಮವಾಗಿದ್ದರೂ ಕಾಯಿಗಳಲ್ಲಿ ಕಾಣುವ ವ್ಯತ್ಯಾಸವನ್ನು ಮಕ್ಕಳು ಕನ್ನಡದಲ್ಲಿಯೇ ಬರೆದಿಡಲಿ. ಪಠ್ಯದ ‘ಬಾಷ್ಪವಿಸರ್ಜನೆ’ಯನ್ನು ಅಂಗಳದಲ್ಲಿ ಕಂಡ ಮಗು ಅದನ್ನು ಮನೆಮಾತಿನಲ್ಲಿ ತಂದೆತಾಯಿಗೆ ವಿವರಿಸಬಲ್ಲದು. ತಾಯ್ನುಡಿಯ ಶಾಲೆ ಹೊಲಕ್ಕೆ ನೆರವಾಗುವ ಬಗೆ ಇದು.