ಹುಯ್‌ಶಿನ್: ಬೂದಿಯಾದ ಮನಸ್ಸಿಗೆ ಕನ್ನಡದಲ್ಲಿ ಏನನ್ನೋಣ?

ಗಡಿನಾಡ ಕನ್ನಡದ ಗೋಷ್ಠಿಯಲ್ಲಿ ಚೀನಿ ಪದ ಯಾಕೆ ಬಂತು ಅಂತ ಕೇಳುವವರಿಗೆ ಮೊದಲೇ ಹೇಳಿಬಿಡ್ತೀನಿ. ನಾನು ಸೋಲಾಪುರ ಜಿಲ್ಲೆಯವಳು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. 1938ರಲ್ಲಿ ಭಾರತದ ವೈದ್ಯರ ತಂಡದ ಜೊತೆ ಚೀನಾಕ್ಕೆ ಹೋಗಿ, ಆ ಭಾಷೆ ಕಲಿತು, 1942ರಲ್ಲಿ ಅಲ್ಲೇ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ನೀಸ್ ನಮ್ಮ ಸೋಲಾಪುರದವರು. ಅವರ ಹೆಸರು ಕೇಳುತ್ತಾ ಬೆಳೆದ ನನಗೆ ಆ ಭಾಷೆಯ ಬಗ್ಗೆ ಕುತೂಹಲ ಇತ್ತು; ಎಂ.ಎ. ಓದುತ್ತಲೇ ಒಂದು ಆನ್‌ಲೈನ್ ತರಗತಿಗೆ ಸೇರಿದೆ. ಎರಡು ಭಾಷೆಯ ನಡುವೆ ಬೆಳೆದವರಿಗೆ ಒಂದು ಚಟ ಇರ್ತದಲ್ಲ, ಹೊಸ ಪದ ಕಿವಿಗೆ ಬಿದ್ದ ಕೂಡಲೇ ‘ಇದಕ್ಕ ನಮ್ಮ ಮಾತಿನ್ಯಾಗ ಏನಂತಾರ’ ಅಂತ ಹುಡುಕೋದು. ಈ ಪ್ರಬಂಧ ಆ ಚಟದಿಂದ ಹುಟ್ಟಿದ್ದು.

ಪದ ‘ಹುಯ್‌ಶಿನ್’. ‘ಹುಯ್’ ಅಂದರೆ ಬೂದಿ, ‘ಶಿನ್’ ಅಂದರೆ ಹೃದಯ, ಮನಸ್ಸು ಎರಡೂ. ಪಠ್ಯಪುಸ್ತಕದ ಅರ್ಥ ‘ನಿರಾಶೆ’. ಆದರೆ ಬಳಕೆ ನೋಡಿದರೆ ಅಷ್ಟರಲ್ಲಿ ಮುಗಿಯೋದಿಲ್ಲ. ಬಸ್ಸು ತಪ್ಪಿದರೆ, ಮಳೆ ಬಂದು ಆಟ ನಿಂತರೆ ಯಾರೂ ಹುಯ್‌ಶಿನ್ ಅನ್ನೋದಿಲ್ಲ. ಯಾವುದಕ್ಕೋ ಮನಸ್ಸು ಕೊಟ್ಟು ದುಡಿದು, ಸೋತು, ಮತ್ತೆ ಮಾಡಿ, ಮತ್ತೆ ಸೋತ ಮೇಲೆ ಬರುವ ಮಾತು ಅದು. ‘ಬಿಯೇ ಹುಯ್‌ಶಿನ್’ ಅಂದರೆ ‘ಹುಯ್‌ಶಿನ್ ಆಗಬೇಡ’. ಇದನ್ನು ಹೇಳುವುದೂ ಸಾಮಾನ್ಯವಾಗಿ ಸೋಲಿನ ಸುದ್ದಿ ಬಂದ ಮೇಲೆಯೇ. ವ್ಯಾಕರಣದಲ್ಲೂ ಒಂದು ಚಂದ ಇದೆ. ಎರಡು ಅಕ್ಷರಗಳನ್ನು ಬಿಡಿಸಿ, ನಡುವೆ ‘ಆಯಿತು’ ಅನ್ನುವ ಪ್ರತ್ಯಯ ಸೇರಿಸಬಹುದು. ಆಗ ಬೂದಿ ನಾಮಪದವಾಗಿ ಉಳಿಯದೆ ಕ್ರಿಯೆಯೇ ಆಗುತ್ತದೆ, ‘ಮನಸ್ಸನ್ನು ಬೂದಿಸಿತು’ ಎಂದಂತೆ.

ಬೂದಿಯ ಅಕ್ಷರಕ್ಕೆ ಹಳೆಯ ವಿವರಣೆಯೊಂದಿದೆ. ಕ್ರಿ.ಶ. 100ರ ಹೊತ್ತಿಗೆ ಶು ಶೆನ್ ಎಂಬ ವಿದ್ವಾಂಸ ‘ಶುವೊವೆನ್ ಜಿಯೆಝಿ’ ಎಂಬ ನಿಘಂಟನ್ನು ರಚಿಸಿದ. ಅದರಲ್ಲಿ ಈ ಅಕ್ಷರವನ್ನು ‘ಕೈ’ ಮತ್ತು ‘ಬೆಂಕಿ’ ಎಂದು ಬಿಡಿಸಿ ತೋರಿಸುತ್ತಾನೆ: ಬೆಂಕಿ ಆರಿಹೋಗಿದೆ, ಇನ್ನು ಕೈಯಲ್ಲಿ ಹಿಡಿಯಬಹುದು. ನನಗೆ ಇಡೀ ಪದ ಬಿಚ್ಚಿಕೊಂಡದ್ದು ಇಲ್ಲಿ. ಬೂದಿ ಅಂದ ಮೇಲೆ ಮೊದಲು ಬೆಂಕಿ ಇತ್ತು ಅಂತ ಅರ್ಥ. ಉರಿಯದೇ ಇದ್ದದ್ದು ಬೂದಿ ಆಗೋದಿಲ್ಲ. ಅಂದರೆ ಹುಯ್‌ಶಿನ್ ಎಂಬ ಪದದೊಳಗೇ ಈ ಮನುಷ್ಯ ಒಂದು ಕಾಲಕ್ಕೆ ಉರಿದಿದ್ದ ಎಂಬ ಸಾಕ್ಷಿ ಇದೆ.

ಕನ್ನಡದ ಪದಗಳಲ್ಲಿ ಈ ಸಾಕ್ಷಿ ಸುಲಭಕ್ಕೆ ಸಿಗೋದಿಲ್ಲ. ‘ಎದೆಗುಂದು’ ಒಳ್ಳೆಯ ಪದವೇ, ಎದೆ ಕುಂದುವುದು. ಆದರೆ ನಮ್ಮಲ್ಲಿ ಎದೆ ಅಂದರೆ ಧೈರ್ಯ. ಎದೆಗಾರ, ಎದೆಗಾರಿಕೆ ನೋಡಿ. ಹಾಗಾಗಿ ಎದೆಗುಂದಿದವನಿಗೆ ಧೈರ್ಯ ಸಾಲದು ಎಂಬ ಸಣ್ಣ ಆಪಾದನೆ ಪದದಲ್ಲೇ ಅಂಟಿಕೊಂಡಿದೆ. ‘ಧೃತಿಗೆಡು’ ಕೂಡ ಹಾಗೆಯೇ. ‘ಕೈಚೆಲ್ಲು’ ಅಂದರೆ ತಾನೇ ಬಿಟ್ಟುಕೊಟ್ಟ ಅಂತ. ನಮ್ಮ ಕಡೆ ಹಿರಿಯರು ‘ಮನಸ್ಸು ಸಣ್ಣ ಮಾಡ್ಕೊಬ್ಯಾಡ’ ಅಂತಾರೆ, ಅದರಲ್ಲಿ ಅಕ್ಕರೆ ಹೆಚ್ಚು, ಆದರೂ ಸಣ್ಣ ಮಾಡಿಕೊಂಡವರು ನೀವೇ. ಮರಾಠಿಯ ‘ಖಚೂ ನಕೋಸ್’ ಸ್ವಲ್ಪ ಬೇರೆ. ‘ಖಚಣೆ’ ಅಂದರೆ ನೆಲ ಕುಸಿಯೋದು, ಗೋಡೆ ಕೂಡೋದು. ಮೇಲಿನ ಭಾರ ತಡೆಯದೆ ಕುಸಿದದ್ದು ಎಂಬ ಭಾವ ಅಲ್ಲಿದೆ. ಚೀನಿ ಪದಕ್ಕೆ ನಮ್ಮ ನೆರೆಭಾಷೆ ನಮ್ಮದಕ್ಕಿಂತ ಒಂದು ಹೆಜ್ಜೆ ಹತ್ತಿರ ಅಂತ ನನ್ನ ಎಣಿಕೆ.

ಇದು ಬರೀ ಪದದ ಲೆಕ್ಕ ಅಲ್ಲ. ನಮ್ಮ ಕಾಕಾನ ಮಗ ಪೊಲೀಸ್ ಭರತಿಗೆ ಅಂತ ವರ್ಷಗಟ್ಟಲೆ ನಸುಕಿನಲ್ಲಿ ನಾಲ್ಕಕ್ಕೆ ಎದ್ದು ಓಡುತ್ತಿದ್ದ. ಮೂರು ಸಲ ಆಗಲಿಲ್ಲ. ಮೂರನೆಯ ಸಲದ ಮೇಲೆ ಎಂಟಾದರೂ ಹಾಸಿಗೆ ಬಿಡೋದಿಲ್ಲ. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, ‘ಆಳಸಿ ಆಗ್ಯಾನ’. ಚೀನಿಯಲ್ಲಿ ಹುಯ್‌ಶಿನ್ ಅನ್ನು ಹಿಗ್ಗಿಸಿದ ನಾಲ್ಕಕ್ಷರದ ನುಡಿಗಟ್ಟೊಂದಿದೆ, ‘ಶಿನ್ ಹುಯ್ ಯಿ ಲಂಗ್’: ಮನಸ್ಸು ಬೂದಿ, ಸಂಕಲ್ಪ ತಣ್ಣಗೆ. ಇದರದೇ ಇನ್ನೊಂದು ರೂಪ ‘ಶಿನ್ ಹುಯ್ ಯಿ ಲಾನ್’, ಇಲ್ಲಿ ಕೊನೆಯ ಅಕ್ಷರಕ್ಕೆ ಸೋಮಾರಿತನ ಅಂತಲೇ ಅರ್ಥ. ಮನಸ್ಸು ಬೂದಿ, ಸಂಕಲ್ಪ ಸೋಮಾರಿ. ಅನುಕ್ರಮ ಗಮನಿಸಬೇಕು: ಬೂದಿ ಮೊದಲು, ಆಲಸ್ಯ ಆಮೇಲೆ. ಮನೆಯವರಿಗೆ, ಮಾಸ್ತರರಿಗೆ ಕಾಣೋದು ಕೊನೆಯ ಅಕ್ಷರ ಮಾತ್ರ. ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿ, ಕಾಲೇಜಿನಲ್ಲಿ ಮರಾಠಿಗೋ ಇಂಗ್ಲಿಷಿಗೋ ಸಿಕ್ಕಿ, ಎರಡು ಸಲ ಬಿದ್ದು ಓದು ಬಿಟ್ಟ ಗಡಿಯ ಹುಡುಗ ಹುಡುಗಿಯರನ್ನು ನಾವು ಮೈಗಳ್ಳರು ಅಂದಾಗ ಮೊದಲ ಅಕ್ಷರ ಓದದೇ ಬಿಟ್ಟಿರ್ತೀವಿ.

ಬೂದಿ ಎಂದರೆ ಸೋಲು ಅಂತ ಚೀನಿಯರೂ ಎಲ್ಲ ಕಾಲಕ್ಕೂ ತಿಳಿದಿರಲಿಲ್ಲ. ‘ಝುವಾಂಗ್‌ಝಿ’ ಗ್ರಂಥದ ಎರಡನೆಯ ಅಧ್ಯಾಯದ ಆರಂಭದಲ್ಲಿ ಒಬ್ಬ ಗುರು ಆಸನಕ್ಕೆ ಒರಗಿ, ತನ್ನನ್ನೇ ತಾನು ಮರೆತು ಕೂತಿರ್ತಾನೆ. ಶಿಷ್ಯ ಬೆರಗಾಗಿ, ದೇಹ ಒಣಮರದಂತೆ, ಮನಸ್ಸು ಸತ್ತ ಬೂದಿಯಂತೆ ಆಗಲು ಸಾಧ್ಯವೇ ಎಂದು ಕೇಳ್ತಾನೆ. ಅಲ್ಲಿ ಅದು ದೊಡ್ಡ ಸ್ಥಿತಿ, ‘ನಾನು’ ಎಂಬುದು ಕಳೆದುಹೋದ ಸ್ಥಿತಿ. ಸಿದ್ಧರಾಮನ ಸೊನ್ನಲಿಗೆಯವರಾದ ನಮಗೆ ಇದು ಅಪರಿಚಿತ ಅಲ್ಲ. ಹಣೆಯ ಮೇಲಿನ ಭಸ್ಮವನ್ನು ಯಾರೂ ಸೋಲಿನ ಗುರುತು ಅನ್ನೋದಿಲ್ಲ. ನಮ್ಮಲ್ಲಿ ಒಲೆಯದು ಬೂದಿ, ಹಣೆಯದು ವಿಭೂತಿ ಅಂತ ಎರಡು ಪದ ಇದ್ದು ಗೊಂದಲ ತಪ್ಪಿದೆ. ಅಲ್ಲಿ ಎರಡಕ್ಕೂ ಒಂದೇ ಅಕ್ಷರ.

ಬೂದಿ ಮತ್ತೆ ಹೊತ್ತಿಕೊಂಡ ಕಥೆಯೂ ಇದೆ, ಸಿಮಾ ಛಿಯಾನ್ ಬರೆದ ‘ಶಿಜಿ’ ಎಂಬ ಇತಿಹಾಸದಲ್ಲಿ. ಕ್ರಿ.ಪೂ. ಎರಡನೆಯ ಶತಮಾನದ ಅಧಿಕಾರಿ ಹಾನ್ ಆನ್‌ಗುವೊ ಸೆರೆಮನೆಗೆ ಬಿದ್ದಾಗ ಥಿಯಾನ್ ಜ್ಯಾ ಎಂಬ ಕಾವಲುಗಾರ ಅವನನ್ನು ಹೀಯಾಳಿಸುತ್ತಾನೆ. ಸತ್ತ ಬೂದಿಯೂ ಮತ್ತೆ ಹೊತ್ತಿಕೊಳ್ಳಬಹುದಲ್ಲ ಅಂತ ಹಾನ್ ಕೇಳಿದರೆ, ಹೊತ್ತಿಕೊಂಡರೆ ಅದರ ಮೇಲೆ ಉಚ್ಚೆ ಹೊಯ್ಯುತ್ತೇನೆ ಅಂತಾನೆ ಕಾವಲುಗಾರ. ಸ್ವಲ್ಪ ದಿನಕ್ಕೆ ಹಾನ್‌ಗೆ ಸೆರೆಮನೆಯಿಂದಲೇ ದೊಡ್ಡ ಹುದ್ದೆ ಬರ್ತದೆ, ಕಾವಲುಗಾರ ಓಡಿಹೋಗ್ತಾನೆ. ಬೆದರಿಸಿ ವಾಪಸು ಕರೆಸಿದ ಹಾನ್, ‘ಈಗ ಹೊಯ್ಯಬಹುದಲ್ಲ’ ಅಂತ ನಕ್ಕು, ಕೊನೆಗೆ ಅವನನ್ನು ಚೆನ್ನಾಗಿಯೇ ನೋಡಿಕೊಳ್ತಾನೆ.

ಇಷ್ಟು ಒಳ್ಳೆಯ ಕಥೆ ಇದ್ದರೂ, ಸೋತ ಗೆಳತಿಗೆ ಈ ನುಡಿಗಟ್ಟು ಹೇಳಿ ಸಮಾಧಾನ ಮಾಡೋ ಹಾಗಿಲ್ಲ. ಇವತ್ತಿನ ಚೀನಿಯಲ್ಲಿ ‘ಸತ್ತ ಬೂದಿ ಮತ್ತೆ ಹೊತ್ತಿತು’ ಅಂದರೆ ಹೆಚ್ಚಾಗಿ ಅಡಗಿದ್ದ ಕೆಟ್ಟದ್ದು ತಲೆ ಎತ್ತಿತು ಅಂತಲೇ ಅರ್ಥ. ನಮ್ಮ ‘ಬೂದಿ ಮುಚ್ಚಿದ ಕೆಂಡ’ಕ್ಕೂ ಇದೇ ಗತಿ ಬಂದಿದೆ. ಪತ್ರಿಕೆಯಲ್ಲಿ ಈ ಮಾತು ಕಂಡರೆ ಎಲ್ಲೋ ಗಲಾಟೆ ಅಂತ ಲೆಕ್ಕ. ಅಡುಗೆಮನೆಯಲ್ಲಿ ಅದರ ಅರ್ಥ ಬೇರೆಯೇ ಇತ್ತು. ರಾತ್ರಿ ಒಲೆಯ ಕೆಂಡದ ಮೇಲೆ ಬೂದಿ ಎಳೆದು, ಬೆಳಿಗ್ಗೆ ಕೆದಕಿ, ಕುಳ್ಳಿನ ಚೂರಿಟ್ಟು, ಊದಿ ಹೊತ್ತಿಸೋದು. ಅಲ್ಲಿ ಬೂದಿ ಬೆಂಕಿಯ ಶತ್ರು ಅಲ್ಲ, ಹೊದಿಕೆ.

ಹುಯ್‌ಶಿನ್‌ಗೆ ನೆಂಟರಾದ ಇನ್ನೆರಡು ಪದಗಳಿವೆ. ‘ಶ್ಯೇಛಿ’ ಅಂದರೆ ಗಾಳಿ ಸೋರೋದು; ಗಾಳಿ ಹೋದ ಚೆಂಡಿನಂತೆ ಅಂತ ಉಪಮೆ ಕೊಡ್ತಾರೆ, ಪೆಟ್ಟು ಸಣ್ಣದು, ಬೇಗ ತುಂಬಿಕೊಳ್ಳುವಂಥದ್ದು. ‘ಛಿನೇಯ್’ ನನಗೆ ಹೆಚ್ಚು ಹಿಡಿಸಿತು. ಅದರ ಎರಡನೆಯ ಅಕ್ಷರದಲ್ಲಿ ಅನ್ನದ ಗುರುತು ಇದೆ, ಮೂಲ ಅರ್ಥ ಹಸಿವು. ಒಳಗಿನ ಉಸಿರುಬಲಕ್ಕೆ ಧರ್ಮದ ಪೋಷಣೆ ತಪ್ಪಿದರೆ ಅದು ಹಸಿದು ಸೊರಗುತ್ತದೆ ಎಂಬ ವಿಚಾರ ಮೆನ್ಸಿಯಸ್‌ನಲ್ಲಿ ಬರ್ತದೆ. ಸೋರಿದ್ದಕ್ಕೆ ಗಾಳಿ ಬೇಕು, ಹಸಿದದ್ದಕ್ಕೆ ಅನ್ನ ಬೇಕು. ಆಟದ ಮೈದಾನದಲ್ಲಿ, ಪರೀಕ್ಷೆಯ ಬಾಗಿಲಲ್ಲಿ ಚೀನಿಯರು ಕೂಗುವ ‘ಜ್ಯಾಯೋ’ಗೆ ಅಕ್ಷರಶಃ ಅರ್ಥ ‘ಎಣ್ಣೆ ಹಾಕು’. ಉರಿಯುವ ದೀಪಕ್ಕೆ ಅದು ಸರಿ. ಬೂದಿಗೆ ಎಣ್ಣೆ ಸುರಿದರೆ ಕೆಸರಾಗ್ತದೆ ಅಷ್ಟೇ, ಇದು ನನ್ನ ತಕರಾರು, ಯಾವ ನಿಘಂಟಿನದ್ದೂ ಅಲ್ಲ.

ಅನುವಾದದಲ್ಲಿ ಹುಯ್‌ಶಿನ್‌ಗೆ ಸದ್ಯ ನಾನು ‘ಮನಸ್ಸು ಬೂದಿಯಾಯಿತು’ ಅಂತ ಬರೀತಿದ್ದೀನಿ. ‘ಹತಾಶೆ’ ತೀರಾ ಗ್ರಂಥಸ್ಥ, ‘ನಿರಾಶೆ’ಗೆ ಬಿಸಿಯೇ ಇಲ್ಲ. ಆದರೆ ‘ಬೂದಿಯಾಯಿತು’ ಅಂದರೆ ಕನ್ನಡ ಕಿವಿಗೆ ಸರ್ವನಾಶ ಅಂತ ಕೇಳುವ ಅಪಾಯ ಇದೆ. ಚೀನಿ ಪದ ಅಷ್ಟು ಭಾರದ್ದಲ್ಲ, ದಿನಬಳಕೆಯದ್ದು. ಕಾಸರಗೋಡು, ತಾಳವಾಡಿ, ಜತ್ತ, ಆದವಾನಿ, ಮಡಕಶಿರಾ ಕಡೆಯಿಂದ ಬಂದವರು ಇಲ್ಲಿದ್ದೀರಿ. ದುಡಿದು ಸೋತವರ ಬಗ್ಗೆ, ಬೈಗುಳದ ಲೇಪ ಇಲ್ಲದೆ, ನಿಮ್ಮ ಮನೆಮಾತಿನಲ್ಲಿ ಏನಂತಾರೆ ಅನ್ನೋದನ್ನು ಚರ್ಚೆಯಲ್ಲಿ ಹೇಳಿದರೆ ಬರೆದುಕೊಳ್ತೀನಿ.