ಮೊಮ್ಮಗಳಿಗೊಂದು ಬಾಡಿಗೆ ಮನೆ

ಮನೆಯಲ್ಲೇ ಕೂತು ಕೆಲಸ ಮಾಡುವುದು ಹೊಸ ಸಂಗತಿಯೇನಲ್ಲ ಮಕ್ಕಳೇ. ನಾನು ಸಣ್ಣವನಿದ್ದಾಗ ನಮ್ಮ ರಾಮದುರ್ಗದ ನೇಕಾರರ ಓಣಿಯಲ್ಲಿ ಮನೆಮನೆಗೂ ಕೈಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದರು. ಮಗ್ಗಕ್ಕೆ ಬೆಳಕು ಎತ್ತಲಿಂದ ಬರುತ್ತದೆ ಎಂದು ನೋಡಿಯೇ ಮನೆಯ ಉಳಿದ ಏರ್ಪಾಟು. ಒಂದು ದಿನ ಲಾಳಿಯ ಸಪ್ಪಳ ನಿಂತರೆ ಮಗ್ಗುಲ ಮನೆಯವರು ಬಾಗಿಲಿಗೆ ಬಂದು, "ಯಾಕ್ರೀ, ಇವತ್ತ ಮಗ್ಗದ ಸಪ್ಪಳ ಇಲ್ಲ? ಆರಾಮ ಅದೀರಿಲ್ಲೋ?" ಎಂದು ವಿಚಾರಿಸುತ್ತಿದ್ದರು.

ಇದು ನನಗೆ ಮತ್ತೆ ನೆನಪಾದದ್ದು ಹೋದ ವರ್ಷ, ಬೆಂಗಳೂರಿನಲ್ಲಿ, ಮೊಮ್ಮಗಳ ಕೋಣೆಯಲ್ಲಿ.

ಆಕೆಯದು ಕಂಪ್ಯೂಟರ್ ಕೆಲಸ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಊರಿಗೆ ಬಂದು ನಮ್ಮ ಮನೆಯಿಂದಲೇ ಕೆಲಸ ಮಾಡಿದಳು. ನೆಟ್‌ವರ್ಕ್ ಹೋದಾಗಲೆಲ್ಲ ಲ್ಯಾಪ್‌ಟಾಪ್ ಹಿಡಿದು ಮಾಳಿಗೆ ಹತ್ತುತ್ತಿದ್ದಳು. ಇಲ್ಲೇ ಇರಲಿ ಎಂದು ನನ್ನಾಸೆ. ಆದರೆ ಮುಂದೆ ತಿಂಗಳಿಗೆ 2 ದಿನ ವೈಟ್‌ಫೀಲ್ಡಿನ ಕಚೇರಿಗೆ ಹೋಗಲೇಬೇಕಾಯಿತು. ರಾಮದುರ್ಗಕ್ಕೆ ರೈಲಿಲ್ಲ; ಬೆಂಗಳೂರೆಂದರೆ ರಾತ್ರಿಯಿಡೀ ಬಸ್ಸು. ಹಾಗಾಗಿ ಅಲ್ಲಿಗೇ ಹೋದಳು. ಕಚೇರಿಗೆ ಹತ್ತಿರವೆಂದು ಹೊರವರ್ತುಲ ರಸ್ತೆಯ ಕಡೆ, ನಾಲ್ಕನೇ ಮಹಡಿಯಲ್ಲಿ ಒಂದು ಕೋಣೆ ಹಿಡಿದಳು.

ಹೋದ ಮಳೆಗಾಲದಲ್ಲಿ ಜ್ವರ ಬಂದು 3 ದಿನ ಮಲಗಿದ್ದಳು. ಎದುರು ಬಾಗಿಲಿನವರಿಗೂ ಗೊತ್ತಾಗಲಿಲ್ಲ. ನಮಗೆ "ಕೆಲಸ ಭಾಳ ಐತಿ ಅಜ್ಜಾ" ಎಂದು ಮೆಸೇಜ್ ಹಾಕಿ ಸುಮ್ಮನಾಗಿದ್ದಳು. ನಾಲ್ಕನೇ ದಿನ ಫೋನಿನಲ್ಲಿ ದನಿ ಕೇಳಿ ನನಗೆ ಸಂಶಯ ಬಂತು. ಅಂದೇ ಬಸ್ಸು ಹತ್ತಿದೆ. ಮರುದಿನ ಬಾಗಿಲು ತೆಗೆದವಳು ನನ್ನನ್ನು ನೋಡಿ ಅತ್ತುಬಿಟ್ಟಳು.

"ಕಚೇರಿಗೆ ಹತ್ರ ಅಂತ ಮನಿ ಹಿಡದಿ. ಮನಶ್ಯಾರಿಗೆ ಹತ್ರ ಐತೇನವಾ?" ಎಂದೆ.

ಬ್ಯಾಂಕಿನ ಗುಮಾಸ್ತನ ಲೆಕ್ಕ ಹೇಳುತ್ತೇನೆ, ನೀವೂ ಮಾಡಿ ನೋಡಿ. ತಿಂಗಳಿಗೆ 30 ದಿನ. ಕಚೇರಿ 2 ದಿನ, ಮನೆ 28 ದಿನ. ಆ 2 ದಿನಕ್ಕಾಗಿ ಆಕೆ 28 ದಿನಗಳನ್ನು ಒತ್ತೆ ಇಟ್ಟಿದ್ದಳು!

ಆಕೆ ಚೇತರಿಸಿಕೊಂಡ ಮೇಲೆ ಇಬ್ಬರೂ ಹೊಸ ಮನೆ ಹುಡುಕಲು ಹೊರಟೆವು. ಕೈಯಲ್ಲೊಂದು ನೋಟುಬುಕ್ಕು, ಅದರಲ್ಲಿ 4 ಪ್ರಶ್ನೆ.

ಮೊದಲನೆಯದು ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್ ಬತ್ತಿ, ಜನ ಟ್ಯಾಂಕರ್ ಕಾದರು. ಅದಕ್ಕೆ ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆಂದು ಮಾಲೀಕರ ಜೊತೆಗೆ ಕೆಳಗಿನ ಅಂಗಡಿಯವರನ್ನೂ ಕೇಳಿದೆವು. ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ ಎಂದೂ ಕೇಳಬೇಕು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ರಾಮದುರ್ಗದೊಳಗೆ ನುಗ್ಗಿದ್ದನ್ನು ಕಂಡವನು ನಾನು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಡೆ ನೀರು ತುಂಬಿ, ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದದ್ದನ್ನು ಟಿವಿಯಲ್ಲಿ ನೀವೂ ನೋಡಿರಬಹುದು.

ಎರಡನೆಯದು ಕೂಡುವ ಜಾಗ. ದಿನಕ್ಕೆ 8 ತಾಸು ಕೂಡುವಲ್ಲಿ ಬೆಳಕು, ಗಾಳಿ, ನೆಟ್‌ವರ್ಕ್ ಬೇಕು. ಹಿಡಿಸಿದ ಮನೆಯನ್ನು ಹಗಲೊಮ್ಮೆ, ರಾತ್ರಿಯೊಮ್ಮೆ ನೋಡಿದೆವು. ಸಂಜೆ ಶಾಂತವಾಗಿದ್ದ ಒಂದು ಮನೆಯ ಪಕ್ಕ ಹಗಲೆಲ್ಲ ಕಲ್ಲು ಕೊಯ್ಯುವ ಯಂತ್ರದ ಗದ್ದಲವಿತ್ತು!

ಮೂರನೆಯದು ದಾರಿ. 2023ರ ಅಕ್ಟೋಬರ್‌ನಿಂದ ಮೆಟ್ರೋ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ಅಂದಮೇಲೆ ಕಚೇರಿಯ ಮಗ್ಗುಲಲ್ಲೇ ಇರಬೇಕೆಂದಿಲ್ಲ. ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಂತಿದ್ದರೆ ಸಾಕು.

ನಾಲ್ಕನೆಯದನ್ನು ಯಾವ ದಲ್ಲಾಳಿಯೂ ಹೇಳುವುದಿಲ್ಲ: ಅಕ್ಕಪಕ್ಕ ಯಾರಿದ್ದಾರೆ?

6 ಮನೆ ನೋಡಿ ಬಿಟ್ಟೆವು. ಏಳನೆಯದು ಬಸವನಗುಡಿಯಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ, ಇಕ್ಕಟ್ಟಿನ ಪೇಟೆಯಿಂದ ಜನ ಹೊರಬಂದು ಗಾಳಿ ಬೆಳಕಿನಲ್ಲಿ ಬಾಳಲೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಿದರು. ನಾವು ನೋಡಿದ್ದು ವಯಸ್ಸಾದ ದಂಪತಿಯ ಮನೆಯ ಹಿಂದಿನ ಪುಟ್ಟ ಭಾಗ. ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ವೈಟ್‌ಫೀಲ್ಡ್. ಬಾಡಿಗೆ ಮಾತ್ರ ಮೊದಲಿಗಿಂತ 3,000 ರೂಪಾಯಿ ಹೆಚ್ಚು, ಕೋಣೆಯೂ ಸಣ್ಣದು.

"ತುಟ್ಟಿ ಆತಲ್ಲ ಅಜ್ಜಾ" ಎಂದು ಆಕೆ ಹಿಂದೆಮುಂದೆ ನೋಡಿದಳು. ಅಷ್ಟರಲ್ಲಿ ಮನೆಯೊಡತಿ ಎರಡು ಲೋಟ ಕಾಫಿ ತಂದು, "ಒಬ್ಬಳೇ ಇರ್ತೀಯೇನಮ್ಮ? ಅಡುಗೆ ಯಾರು ಮಾಡ್ತಾರೆ?" ಎಂದು ಕೇಳಿದರು. ನಾನು ಮುಂಗಡದ ಮಾತಿಗೆ ಕುಳಿತೆ.

ಒಂದು ತಿಂಗಳ ನಂತರ ಫೋನು ಬಂತು. "ಅಜ್ಜಾ, ನಿನ್ನೆ ರಾತ್ರಿ ಕೆಲಸ ಮುಗಿಯೂದು ತಡಾ ಆತು. ಮುಂಜಾನೆ ಒಂಬತ್ತಾದ್ರೂ ಮಲಗಿದ್ದೆ. ಅಜ್ಜಿ ಬಂದು ಬಾಗಲಾ ಬಡದ್ರು, 'ಯಾಕಮ್ಮ, ಇನ್ನೂ ಕಿಟಕೀನೇ ತೆಗೆದಿಲ್ಲ, ಹುಷಾರಾಗಿದ್ದೀಯ ತಾನೆ?' ಅಂತ. ನಿದ್ದಿನೂ ಮಾಡಗೊಡೂದಿಲ್ಲ!"

ದೂರುತ್ತಿದ್ದರೂ ಆಕೆಯ ದನಿಯಲ್ಲಿ ನಗು ಇತ್ತು. ನಾನು ಆ ನೋಟುಬುಕ್ಕು ತೆಗೆದು, ನಾಲ್ಕನೇ ಪ್ರಶ್ನೆಯ ಎದುರಿಗೆ 'ಲೆಕ್ಕ ಸರಿ' ಎಂದು ಬರೆದು ಸಹಿ ಹಾಕಿದೆ.