ಹುಡುಕಬೇಕು, ಹೇಳಬಾರದು

ಎಚ್‌ಐವಿ ಸೋಂಕು ಭಾರತದಲ್ಲಿ ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದ್ರಾಸಿನಲ್ಲಿ. ವೈರಾಣುವಿನ ವೃದ್ಧಿಯನ್ನು ತಡೆಯುವ ಎಆರ್‌ಟಿ ಔಷಧವನ್ನು ಸರ್ಕಾರ ಉಚಿತವಾಗಿ ಕೊಡತೊಡಗಿದ್ದು 2004ರ ಏಪ್ರಿಲ್‌ನಲ್ಲಿ. ರೋಗನಿರೋಧಕ ಶಕ್ತಿಯನ್ನು ಸೂಚಿಸುವ ಸಿಡಿ4 ಜೀವಕೋಶಗಳ ಸಂಖ್ಯೆ ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ಆರಂಭಿಸಬೇಕೆಂಬ ನೀತಿ 2017ರಲ್ಲಿ ಬಂದಿತು. ಹೀಗಾಗಿ ಇಂದು ಔಷಧ ಒದಗಿಸುವುದಕ್ಕಿಂತಲೂ ಸೋಂಕಿತರು ಅದನ್ನು ಬದುಕಿನುದ್ದಕ್ಕೂ ಬಿಡದೆ ಸೇವಿಸುವಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸವಾಗಿದ್ದು, ಆ ಹೊಣೆ ಬಹುಮಟ್ಟಿಗೆ ವೈದ್ಯರಿಗಿಂತ ಆಪ್ತ ಸಮಾಲೋಚಕರು ಮತ್ತು ಕ್ಷೇತ್ರ ಕಾರ್ಯಕರ್ತರ ಹೆಗಲಿಗೆ ಬಿದ್ದಿದೆ.

ಕರ್ನಾಟಕದಲ್ಲಿ ಸೋಂಕಿನ ಪ್ರಮಾಣ ಹೆಚ್ಚಾಗಿ ಕಂಡುಬಂದ ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳಿಂದ ದುಡಿಮೆಗಾಗಿ ಮಹಾರಾಷ್ಟ್ರಕ್ಕೋ ಗೋವಾಕ್ಕೋ ಗುಳೆ ಹೋಗುವವರು ಅನೇಕರು. ಅಂಥವರು ನಿಗದಿತ ದಿನಕ್ಕೆ ಗುಳಿಗೆ ಒಯ್ಯಲು ಬಾರದಿದ್ದರೆ ಮೊದಲು ಫೋನ್ ಮಾಡಿ, ಅದೂ ಫಲಿಸದಿದ್ದರೆ ಕಾರ್ಯಕರ್ತೆಯೇ ಊರಿಗೆ ಹೋಗಿ ವಿಚಾರಿಸಬೇಕಾಗುತ್ತದೆ. ನೆರೆಹೊರೆಯವರ ಕಣ್ಣು ತಪ್ಪಿಸಲು ಹತ್ತಿರದ ಕೇಂದ್ರವನ್ನು ಬಿಟ್ಟು ದೂರದ ಜಿಲ್ಲೆಯಲ್ಲಿ ನೋಂದಣಿ ಮಾಡಿಸಿದವರು, ಬೇಕೆಂದೇ ತಪ್ಪು ವಿಳಾಸ ಬರೆಸಿದವರು, ಗುಳಿಗೆಗಳನ್ನು ಡಬ್ಬಿಯಿಂದ ತೆಗೆದು ಚೀಟಿಯಿಲ್ಲದ ಕವರಿಗೆ ಹಾಕಿಕೊಂಡು ಹೋಗುವವರು ಇರುವುದರಿಂದ ಈ ಹುಡುಕಾಟ ಸುಲಭವಲ್ಲ. ಹೊಸಬರು ಕಂಡರೆ ‘ಯಾರ ಮನಿಗೆ ಬಂದೀರಿ?’ ಎಂದು ಕೇಳುವುದು ಹಳ್ಳಿಯಲ್ಲಿ ಸಹಜವಾದರೂ, ಆ ಸೌಜನ್ಯದ ಪ್ರಶ್ನೆಗೇ ಕಾರ್ಯಕರ್ತೆ ನಿಜ ಹೇಳುವಂತಿಲ್ಲ. ಪಿಂಚಣಿ ಅರ್ಜಿಯ ಅಥವಾ ಸ್ವಸಹಾಯ ಸಂಘದ ನೆಪವೊಂದನ್ನು ಆಕೆ ಸಿದ್ಧವಿಟ್ಟುಕೊಂಡಿರಬೇಕು. ಮನೆಯಲ್ಲಿ ಅತ್ತೆಗೋ ಮೈದುನನಿಗೋ ವಿಷಯ ತಿಳಿಯದಿದ್ದರೆ ಅದೇ ನೆಪವನ್ನು ಹೊಸ್ತಿಲೊಳಗೂ ಮುಂದುವರಿಸಬೇಕು.

2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ ಈ ಗೋಪ್ಯತೆಗೆ ಕಾನೂನಿನ ಬಲ ಕೊಟ್ಟಿತು. ಜೊತೆಗೆ ಒಂದು ಸೂಕ್ಷ್ಮವಾದ ತೀರ್ಮಾನವನ್ನೂ ಸಿಬ್ಬಂದಿಗೆ ಒಪ್ಪಿಸಿತು. ಸೋಂಕಿತರ ಸಂಗಾತಿಗೆ ವಿಷಯ ತಿಳಿಸುವ ಅಧಿಕಾರ ವೈದ್ಯರಿಗೆ ಮತ್ತು ಆಪ್ತ ಸಮಾಲೋಚಕರಿಗೆ ಮಾತ್ರ ಇದೆ. ಅದಕ್ಕೂ ಸಂಗಾತಿಗೆ ಸೋಂಕು ತಗಲುವ ಗಣನೀಯ ಅಪಾಯವಿರಬೇಕು, ಸ್ವತಃ ತಿಳಿಸುವಂತೆ ಸೋಂಕಿತರಿಗೆ ಮೊದಲು ಸಮಾಲೋಚನೆ ನಡೆದಿರಬೇಕು, ತಾವು ಹೇಳಲಿರುವುದನ್ನು ಅವರಿಗೆ ಮುಂಚಿತವಾಗಿ ತಿಳಿಸಿರಬೇಕು. ವಿಷಯ ಹೊರಬಿದ್ದರೆ ಹೆಂಗಸು ಹೊಡೆತಕ್ಕೆ ಗುರಿಯಾಗುವ ಅಥವಾ ಮನೆಯಿಂದ ಹೊರದಬ್ಬಿಸಿಕೊಳ್ಳುವ ಸಂಭವವಿದ್ದಲ್ಲಿ ಗಂಡನಿಗೆ ಹೇಳಕೂಡದು. ಬಸಿರಿನ ತಪಾಸಣೆಯಲ್ಲಿ ಹೆಂಡತಿಯ ಸೋಂಕೇ ಮೊದಲು ಪತ್ತೆಯಾಗಿ, ಗಂಡ ಪರೀಕ್ಷೆಗೆ ಬರಲು ಒಪ್ಪದಿರುವಾಗ, ಆತನ ಸಿಟ್ಟು ಎಷ್ಟರದು ಎಂಬ ಅಂದಾಜನ್ನು ಸಮಾಲೋಚಕಿ ಆ ಹೆಣ್ಣುಮಗಳ ಅರೆಬರೆ ಮಾತಿನಿಂದಲೇ ಮಾಡಬೇಕು. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ 15ರಿಂದ 45ರಷ್ಟಿದ್ದು, ಸಕಾಲಿಕ ಔಷಧದಿಂದ ಅದು ಶೇ 5ಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಕಾದು ನೋಡೋಣವೆನ್ನುವಷ್ಟು ಸಮಯವೂ ಅಲ್ಲಿರುವುದಿಲ್ಲ.

ಸೂಜಿ ಚುಚ್ಚಿ ಸಿಬ್ಬಂದಿಗೇ ಸೋಂಕು ತಗಲುವ ಭಯವನ್ನು ಜನ ದೊಡ್ಡದು ಮಾಡಿ ಮಾತನಾಡುತ್ತಾರೆ. ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದಾಗಲೂ ಆ ಸಂಭವ ಸುಮಾರು ಶೇ 0.3 ಮಾತ್ರ, 72 ಗಂಟೆಯೊಳಗೆ ಆರಂಭಿಸಿ 28 ದಿನ ಸೇವಿಸುವ ಮುಂಜಾಗ್ರತಾ ಔಷಧವೂ ಇದೆ. ಅದಕ್ಕಿಂತ ಹೆಚ್ಚು ಕಾಡುವುದು ಅದೇ ಆಸ್ಪತ್ರೆಯ ಇತರ ವಿಭಾಗಗಳವರ ಅಳುಕು: ಹೆರಿಗೆ ಕೋಣೆಯಲ್ಲಿ ಯಾರೋ ಕಡತದ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದರೆಂದರೆ, ಸಮಾಲೋಚಕಿ ತಿಂಗಳುಗಟ್ಟಲೆ ಕಾಪಾಡಿದ ಗುಟ್ಟು ಮಧ್ಯಾಹ್ನದೊಳಗೆ ವಾರ್ಡಿನ ಮಾತಾಗುತ್ತದೆ.

ಇಷ್ಟೆಲ್ಲ ನಂಬಿಕೆಯ ಮೇಲೆ ನಿಂತ ಈ ಕೆಲಸವನ್ನು ಗುತ್ತಿಗೆಯ ಹುದ್ದೆಗಳಿಂದ ನಡೆಸುತ್ತಿರುವುದು ವಿವೇಕವೆನಿಸುವುದಿಲ್ಲ. ಸಮಾಲೋಚಕಿ ಹೆಚ್ಚು ಸಂಬಳದ ಅಥವಾ ಕಾಯಂ ಕೆಲಸ ಹುಡುಕಿಕೊಂಡು ಹೋದಾಗ ಕಡತಗಳೇನೋ ಮುಂದಿನವರ ಕೈಗೆ ಬರುತ್ತವೆ. ಆದರೆ ಯಾರ ಮನೆಗೆ ಹೋಗಬಾರದು, ಯಾರಿಗೆ ಸಂಜೆಯ ಮೇಲೆ ಫೋನ್ ಮಾಡಬಾರದು ಎಂಬ ವಿವರಕ್ಕೆ ಅವುಗಳಲ್ಲಿ ಅಂಕಣವಿಲ್ಲ.